ಕೋಡಿ ಬೀಳುವ ಮೊದಲು: ಹಾವೇರಿ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ, ಮೀನುಗಾರಿಕೆ, ಆರೋಗ್ಯ ಮತ್ತು ಸಣ್ಣ ನೀರಾವರಿ ಇಲಾಖೆಯ ಅಧಿಕಾರಿಗಳೇ,

ನಮಸ್ಕಾರ.

ವರದಾ ಮತ್ತು ತುಂಗಭದ್ರೆಗೆ ಹೊರಗಿನ ಮೀನುಗಳು ಸೇರಿಕೊಳ್ಳುತ್ತಿವೆ. ಅವನ್ನು ಹೊಳೆಯಲ್ಲೇ ಹಿಡಿದು ಮುಗಿಸುತ್ತೇವೆ ಅಂತ ಯಾರಾದರೂ ನಿಮ್ಮ ಮುಂದೆ ಯೋಜನೆ ತಂದಿಟ್ಟರೆ ದಯವಿಟ್ಟು ಒಪ್ಪಬೇಡಿ. ಹೊಳೆಗೆ ಇಳಿದು ಮರಿ ಹಾಕಿದ ಮೀನನ್ನು ಪೂರ್ತಿ ವಾಪಸ್ ತೆಗೆಯೋಕೆ ಆಗುವುದಿಲ್ಲ. ತಡೆಯುವುದಿದ್ದರೆ ಕೆರೆಯಲ್ಲಿ, ಹೊಂಡದಲ್ಲಿ, ಮೀನುಮರಿ ಚೀಲ ಬಿಚ್ಚುವ ಜಾಗದಲ್ಲಿ ತಡೆಯಬೇಕು. ನನ್ನ ಕೋರಿಕೆ ಇಷ್ಟೇ. ಅದು ಯಾಕೆ, ಹೇಗೆ ಅನ್ನೋದಕ್ಕೆ ಈ ಪತ್ರ.

ನಮ್ಮದು ವರದಾ ದಂಡೆಯಲ್ಲಿ ಬಲೆ ಬೀಸುವ ಮನೆತನ. ನಾನು ಈಗ ಬಲೆಗಿಂತ ತಕ್ಕಡಿ ಹಿಡಿಯುವುದೇ ಜಾಸ್ತಿ. ಸಂತೆಯಲ್ಲಿ ಮೀನು ಮಾರುತ್ತೇನೆ. ಹಾಗಾಗಿ ಹೊಳೆಯಿಂದ ಏನು ಬರುತ್ತದೆ, ಕೆರೆಯಿಂದ ಏನು ಬರುತ್ತದೆ, ಗಿರಾಕಿಗಳು ಏನು ಕೇಳುತ್ತಾರೆ, ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ನಮ್ಮ ಅಪ್ಪನ ಕಾಲದ ಹೊಳೆ ಬುಟ್ಟಿಯಲ್ಲಿ ಬಾಳೆ ಮೀನು, ಕೊರವ, ಗೆಂಡೆ, ಹಾವುಮೀನು ಎಲ್ಲ ಕಲಸಿಕೊಂಡು ಬರುತ್ತಿದ್ದವು. ಈಗ ಬುಟ್ಟಿಯ ಮುಚ್ಚಳ ತೆಗೆದರೆ ಮೊದಲು ಕಾಣೋದು ಜಿಲೇಬಿ.

ಜಿಲೇಬಿ ಅಂದರೆ ತಿಲಾಪಿಯಾ. ನಿಮಗೆ ಗೊತ್ತೇ ಇರುತ್ತದೆ. ಅದು ಆಫ್ರಿಕಾದ ಮೀನು, ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಬಡವರಿಗೆ ಅಗ್ಗದ ಮೀನು ಸಿಗಲಿ ಅಂತ ತಂದರು. ಸಿಕ್ಕಿದ್ದೂ ನಿಜ. ನಾನು ಜಿಲೇಬಿ ಮಾರುತ್ತೇನೆ, ಕೂಲಿ ಮಾಡಿ ಬರುವ ಹೆಣ್ಣುಮಕ್ಕಳು ಅದನ್ನೇ ಕೇಳಿ ಒಯ್ಯುತ್ತಾರೆ. ತಿನ್ನೋ ಮೀನನ್ನು ಬೈಯೋಕೆ ನನಗೂ ಮನಸ್ಸಿಲ್ಲ. ಆದರೆ ಅದರ ಸಂಸಾರ ಬೆಳೆಯುವ ರೀತಿ ನೋಡಿ. ಕೆಲವೇ ತಿಂಗಳಿಗೆ ಮೊಟ್ಟೆ ಇಡುವಷ್ಟು ಬಲಿಯುತ್ತದೆ. ಗಂಡು ಮೀನು ದಂಡೆಯ ಕೆಸರಲ್ಲಿ ತಟ್ಟೆಯಷ್ಟು ಗುಂಡಿ ತೋಡುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಬೇರೆ ಮೀನುಗಳ ಮೊಟ್ಟೆ ನೀರಲ್ಲಿ ತೇಲಿ, ಕಲ್ಲಿಗೆ ಅಂಟಿ, ಹತ್ತು ಬಾಯಿಗೆ ತುತ್ತಾಗುತ್ತವೆ. ಜಿಲೇಬಿಯ ಮರಿಗಳಿಗೆ ಆ ಭಯ ಕಡಿಮೆ. ಬೇಸಿಗೆಯಲ್ಲಿ ವರದಾ ಬತ್ತಿ ಮಡುವುಗಳಷ್ಟೇ ಉಳಿದಾಗ ಆ ಮಡುವಿನ ತುಂಬ ಬೊಗಸೆಗೆ ಬರುವಂಥ ಸಣ್ಣ ಜಿಲೇಬಿ. ತಿನ್ನೋಕೂ ಬಾರದು, ಮಾರೋಕೂ ಬಾರದು. ಉಳಿದ ಮೀನುಗಳ ಮೇವನ್ನು ಮಾತ್ರ ಖಾಲಿ ಮಾಡಿರುತ್ತವೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಆಫ್ರಿಕನ್ ಕ್ಯಾಟ್‌ಫಿಶ್. ಥಾಯ್ ಮಾಗೂರ್ ಅಂತಲೂ ಮಾರುತ್ತಾರೆ. ಇದನ್ನು ಸಾಕುವುದು, ಮಾರುವುದು ಎರಡಕ್ಕೂ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧ ಹಾಕಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ಸಾಕಣೆ ನಿಲ್ಲಿಸಿ, ಇರುವುದನ್ನು ನಾಶ ಮಾಡಿ ಅಂತ ಹೇಳಿದೆ. ನಮ್ಮ ನಾಡ ಮಾಗೂರ್ ಮೊಳದುದ್ದ ಬೆಳೆದರೆ ಹೆಚ್ಚು. ಇದು ಮೀಟರಿಗಿಂತ ಉದ್ದ ಬೆಳೆಯಬಲ್ಲದು. ಗಾಳಿಯನ್ನೇ ಉಸಿರಾಡುತ್ತದೆ, ಹಾಗಾಗಿ ನೀರು ಕೆಟ್ಟರೂ ಸಾಯುವುದಿಲ್ಲ. ಮಳೆ ಬಿದ್ದ ರಾತ್ರಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವಷ್ಟು ಗಟ್ಟಿ ಜೀವ.

ಒಂದು ಸಂತೆ ದಿನ ನಮ್ಮೂರ ಕಡೆಯ ಹಿರಿಯರೊಬ್ಬರು ಗೋಣಿಚೀಲದಲ್ಲಿ ಇಂಥದ್ದೊಂದನ್ನು ತಂದರು. ಬೂದಿ ಕಪ್ಪಿನ ಮೈ, ಚಪ್ಪಟೆ ತಲೆ, ಎಂಟು ಮೀಸೆ. ಚೀಲದಿಂದ ಸುರಿದ ಮೇಲೂ ಒದ್ದಾಡುತ್ತಲೇ ಇತ್ತು.

"ಕಾಕಾ, ಎಲ್ಲಿ ಸಿಕ್ತು ಇದು?"

"ಹೊಳ್ಯಾಗ ಸಿಕ್ತಪಾ. ಬಲಿ ಹರಕೊಂಡು ಹೊಂಟಿತ್ತು."

"ಇದು ಹೊಳೀ ಮೀನ ಅಲ್ಲ ಕಾಕಾ. ಯಾರೋ ಹೊಂಡದಾಗ ಸಾಕಿದ್ದು."

"ಹೊಂಡದ್ದು ಹೊಳಿಗೆ ಹೆಂಗ ಬಂತು ಮತ್ತ?"

ಹೊಟ್ಟೆ ಕೊಯ್ದು ನೋಡಿದೆವು. ಬೆರಳುದ್ದದ ಗೆಂಡೆ ಮೂರು, ಏಡಿಯ ಕಾಲು, ಒಂದು ಕಪ್ಪೆ. ಎಲ್ಲವೂ ಇಡಿಇಡಿಯಾಗಿ ನುಂಗಿದ್ದು. ಕಾಕಾ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಅದನ್ನು ನಿಮಗೂ ಹೇಳುತ್ತೇನೆ.

ಹಾನಗಲ್ ತಾಲ್ಲೂಕಿನ ಯಾವುದಾದರೂ ಒಂದು ಕೆರೆ ತೆಗೆದುಕೊಳ್ಳಿ. ಮೇಲೆ ಯಾರದೋ ಹೊಲದಲ್ಲಿ ಹೊಂಡ. ಅದರಲ್ಲಿ ಕದ್ದು ಸಾಕಿದ ಕ್ಯಾಟ್‌ಫಿಶ್, ಮೇವಿಗೆ ಕೋಳಿ ಅಂಗಡಿಯ ಕರುಳು. ಜುಲೈ ಮಳೆಗೆ ಹೊಂಡ ತುಂಬಿ ಹರಿಯುತ್ತದೆ. ಮೀನು ಕೆರೆಗೆ ಬರುತ್ತದೆ. ಕೆರೆ ತುಂಬಿ ಕೋಡಿ ಬೀಳುತ್ತದೆ. ಕೋಡಿ ನೀರು ಹಳ್ಳಕ್ಕೆ, ಹಳ್ಳ ಧರ್ಮಾ ನದಿಗೆ, ಧರ್ಮಾ ವರದೆಗೆ. ವರದಾ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಗದಗ ಜಿಲ್ಲೆಯ ಹಮ್ಮಿಗಿ ಬ್ಯಾರೇಜು, ಹೊಸಪೇಟೆ ಡ್ಯಾಂ, ಆಮೇಲೆ ಕೃಷ್ಣೆ. ಹಿರೇಕೆರೂರು ಕಡೆಯ ಮದಗ ಮಾಸೂರು ಕೆರೆಯ ನೀರೂ ಕುಮುದ್ವತಿ ಹಿಡಿದು ಕೊನೆಗೆ ತುಂಗಭದ್ರೆಗೇ ಬರುತ್ತದೆ. ಅಂದರೆ ಒಬ್ಬ ರೈತನ ಹೊಂಡಕ್ಕೂ ಮೂರು ಜಿಲ್ಲೆಯ ಹೊಳೆಗೂ ನಡುವೆ ಇರೋದು ಒಂದು ಜೋರು ಮಳೆ ಅಷ್ಟೇ.

ಈಗ ದಾರಿ ಎರಡೂ ಕಡೆಯಿಂದ ತೆರೆದಿದೆ. ಬಾಳಂಬೀಡ ಏತ ನೀರಾವರಿಯಂಥ ಯೋಜನೆಗಳಲ್ಲಿ ವರದೆಯ ನೀರನ್ನೇ ಎತ್ತಿ ಕೆರೆ ತುಂಬಿಸುತ್ತೇವೆ. ಒಳ್ಳೆಯ ಕೆಲಸ, ನಮ್ಮ ಕಡೆಯ ಕೆರೆಗಳಿಗೆ ಅದರಿಂದ ಜೀವ ಬಂದಿದೆ. ಆದರೆ ನೀರಿನ ಜತೆ ಮೊಟ್ಟೆ, ಮರಿಯೂ ಬರುತ್ತವೆ ಅನ್ನೋದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಪಡುವಣಕ್ಕೆ ಹರಿಯುವ ಬೇಡ್ತಿಯ ನೀರನ್ನು ವರದೆಗೆ ತರುವ ಬೇಡ್ತಿ-ವರದಾ ಜೋಡಣೆಯ ಮಾತೂ ನಡೆದಿದೆ. ಆ ಯೋಜನೆ ಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನು ಇಲ್ಲಿ ಬರುವುದಿಲ್ಲ. ಆದರೆ ಪಡುವಣಕ್ಕೆ ಹರಿಯುವ ಹೊಳೆಯ ಮೀನೇ ಬೇರೆ, ಮೂಡಣಕ್ಕೆ ಹರಿಯುವ ಹೊಳೆಯ ಮೀನೇ ಬೇರೆ. ನಡುವೆ ಘಟ್ಟ ಇದ್ದದ್ದರಿಂದ ಅವು ಬೇರೆ ಬೇರೆಯಾಗಿಯೇ ಉಳಿದಿವೆ. ಪೈಪು ಹಾಕುವ ಮೊದಲು ಎರಡೂ ಕಡೆಯ ಮೀನಿನ ಪಟ್ಟಿ ಮಾಡಿಸುವುದು ದೊಡ್ಡ ಖರ್ಚಿನ ಮಾತಲ್ಲ.

ಇನ್ನು ಒಂದು ಕಹಿ ಮಾತು. ಹೊರಗಿನ ಮೀನು ಎಲ್ಲವೂ ಕಳ್ಳದಾರಿಯಲ್ಲಿ ಬಂದದ್ದಲ್ಲ. ಕೆಲವನ್ನು ಸರ್ಕಾರವೇ ಚೀಲದಲ್ಲಿ ತಂದು ಬಿಡುತ್ತದೆ.

ಸಾಮಾನ್ಯ ಗೆಂಡೆ, ಅಂದರೆ ಕಾಮನ್ ಕಾರ್ಪ್, ಹೆಸರಿಗಷ್ಟೇ ಸಾಮಾನ್ಯ. ಅದು ನಮ್ಮ ನೆಲದ್ದಲ್ಲ, 1939ರಲ್ಲಿ ನೀಲಗಿರಿಗೆ ಬಂತು. 1957ರಲ್ಲಿ ಅದರ ಇನ್ನೊಂದು ತಳಿ ಬ್ಯಾಂಕಾಕಿನಿಂದ ಬಂತು. ಈಗ ನಮ್ಮ ಕೆರೆಗಳಿಗೆ ಬಿಡುವ ಮೀನುಮರಿಯಲ್ಲಿ ಇದೂ ಒಂದು. ಕೆಸರು ಕೆದಕಿ ಮೇಯುವ ಮೀನು. ಅದು ಸೇರಿದ ನೀರು ತಿಳಿಯಾಗುವುದೇ ಇಲ್ಲ, ನೀರೊಳಗಿನ ಸೊಪ್ಪು ಬೇರುಸಮೇತ ಹೋಗುತ್ತದೆ. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದಿಯಲ್ಲಿ ಇದೇ ಮೀನು ಎಷ್ಟು ಹಬ್ಬಿದೆ ಅಂದರೆ, ಕೆಲವು ಕಡೆ ನೀರಲ್ಲಿರುವ ಒಟ್ಟು ಮೀನಿನ ತೂಕದಲ್ಲಿ ಶೇ 80ಕ್ಕೂ ಹೆಚ್ಚು ಇದೊಂದೇ. ಅಲ್ಲಿನ ಸರ್ಕಾರ ಇದನ್ನು ಕೊಲ್ಲೋಕೆ ಹರ್ಪಿಸ್ ವೈರಸ್ ಬಿಡೋಣವೇ ಅಂತ 2016ರಿಂದ ಅಧ್ಯಯನಕ್ಕೆ ದುಡ್ಡು ಸುರಿಯಿತು. ಅಮೆರಿಕದವರದ್ದೂ ಇದೇ ಪಾಡು. ಹೊಂಡದ ಪಾಚಿ ತಿನ್ನಲಿ ಅಂತ 1970ರ ದಶಕದಲ್ಲಿ ತಂದ ಬೆಳ್ಳಿಗೆಂಡೆ ಮಿಸಿಸಿಪಿ ನದಿಗೆ ತಪ್ಪಿಸಿಕೊಂಡಿತು. ಈಗ ಅದು ಗ್ರೇಟ್ ಲೇಕ್ಸ್ ಅನ್ನೋ ಅಲ್ಲಿನ ದೊಡ್ಡ ಸರೋವರಗಳಿಗೆ ನುಗ್ಗದಿರಲಿ ಅಂತ ಶಿಕಾಗೊ ಹತ್ತಿರದ ಕಾಲುವೆಯ ನೀರಿಗೆ ಕರೆಂಟಿನ ಬೇಲಿ ಹಾಕಿ ಕೂತಿದ್ದಾರೆ. ಅಷ್ಟು ದುಡ್ಡಿರುವ ದೇಶಗಳಿಗೇ ಹೊಳೆಯಿಂದ ವಾಪಸ್ ತೆಗೆಯೋಕೆ ಆಗಿಲ್ಲ. ನಮ್ಮ ಹತ್ತಿರ ಕೋಡಿಗೆ ಕಟ್ಟೋ ಜಾಲರಿಗೂ ಬಜೆಟ್ ಇಲ್ಲ, ಅಲ್ವಾ?

ಕಾಟ್ಲಾ, ರೋಹು, ಮೃಗಾಲ್ ಕೂಡ ಗಂಗಾ ನದಿಯ ಕಡೆಯವು, ತುಂಗಭದ್ರೆಯವಲ್ಲ. ಅವನ್ನು ಈಗ ಓಡಿಸಿ ಅನ್ನೋದು ಹುಚ್ಚುತನ. ನಮ್ಮ ಅರ್ಧ ವ್ಯಾಪಾರ ಅವುಗಳ ಮೇಲೇ ನಿಂತಿದೆ. ಆದರೆ ಸಾಮಾನ್ಯ ಗೆಂಡೆಯನ್ನು ಕೋಡಿ ಬೀಳುವ ಕೆರೆಗಳಿಗೆ ಬಿಡುವುದನ್ನು ನಿಲ್ಲಿಸಬಹುದು. ಹೊರಗೆ ಹರಿಯದ ಕೃಷಿ ಹೊಂಡದಲ್ಲಿ ಸಾಕಲಿ, ಯಾರಿಗೂ ನಷ್ಟವಿಲ್ಲ.

ಆರೋಗ್ಯ ಇಲಾಖೆಯವರಿಗೆ ಒಂದು ಮಾತು. ಗಾಂಬೂಸಿಯಾ ಮೀನನ್ನು ಸೊಳ್ಳೆ ಮರಿ ತಿನ್ನಲಿ ಅಂತ ಕೆರೆ, ಬಾವಿ, ಹಳ್ಳಗಳಿಗೆ ಬಿಡುತ್ತೀರಿ. ಫೋಟೋ ಪೇಪರಿನಲ್ಲಿ ಬರುತ್ತದೆ. ಈ ಮೀನು 1928ರಲ್ಲಿ ಮಲೇರಿಯಾ ತಡೆಯೋಕೆ ಇಟಲಿಯಿಂದ ಬಂದದ್ದು. ಆಗ ಬೇರೆ ದಾರಿ ಕಡಿಮೆ ಇತ್ತು, ಒಪ್ಪೋಣ. ಈಗ ನಮ್ಮನ್ನು ಕಾಡುತ್ತಿರುವುದು ಮುಖ್ಯವಾಗಿ ಡೆಂಗಿ. 2024ರಲ್ಲಿ ನಮ್ಮ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಎಲ್ಲಿ? ಮನೆಯ ಡ್ರಮ್ಮು, ಕೂಲರು, ಹಳೇ ಟಯರು, ತೆಂಗಿನ ಚಿಪ್ಪು, ಮುಚ್ಚಳ ಇಲ್ಲದ ಸಿಂಟೆಕ್ಸು. ಕೆರೆಯಲ್ಲಲ್ಲ, ಹೊಳೆಯಲ್ಲಂತೂ ಅಲ್ಲವೇ ಅಲ್ಲ. ಕೆರೆಗೆ ಗಾಂಬೂಸಿಯಾ ಸುರಿದರೆ ಡೆಂಗಿಯ ಸೊಳ್ಳೆಗೆ ಏನೂ ಆಗುವುದಿಲ್ಲ. ಆಗೋದು ಕಪ್ಪೆಯ ಗೊದಮೊಟ್ಟೆಗೆ, ನಾಡ ಮೀನಿನ ಮರಿಗೆ. ಗಾಂಬೂಸಿಯಾ ಮೊಟ್ಟೆ ಇಡೋದಿಲ್ಲ, ನೇರವಾಗಿ ಮರಿ ಹಾಕುತ್ತದೆ. ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಅಂತ ಒಂದಿದೆ. ಅದರಲ್ಲಿ ಗಾಂಬೂಸಿಯಾ ಇದೆ, ಮೇಲೆ ಹೇಳಿದ ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾ ಕೂಡ ಇವೆ. ಬಿಡಲೇಬೇಕು ಅಂತಿದ್ದರೆ ನಾಲ್ಕು ಕಡೆ ಗೋಡೆ ಇರುವ ತೊಟ್ಟಿಗೆ ಬಿಡಿ. ನಮ್ಮ ಹಳ್ಳ ಗದ್ದೆಗಳಲ್ಲೇ ನೀರಿನ ಮೇಲ್ಪದರದಲ್ಲಿ ಓಡಾಡುವ, ಸೊಳ್ಳೆ ಮರಿ ತಿನ್ನುವ ಸಣ್ಣ ನಾಡ ಮೀನುಗಳಿವೆ. ಕೆರೆಗಳಿಗೆ ಅವನ್ನೇ ಬೆಳೆಸಿ ಬಿಡಬಹುದು.

ಈಗ ಏನು ಮಾಡಬೇಕು ಅನ್ನೋದಕ್ಕೆ ಬರುತ್ತೇನೆ.

ಮೊದಲನೆಯದು ಮೀನುಮರಿ. ಮಳೆಗಾಲದಲ್ಲಿ ಖಾಸಗಿಯವರು ಟೆಂಪೋದಲ್ಲಿ ಆಕ್ಸಿಜನ್ ತುಂಬಿದ ಪಾಲಿಥಿನ್ ಚೀಲ ತರುತ್ತಾರೆ. ಗುತ್ತಿಗೆದಾರ ಸಾವಿರಕ್ಕಿಷ್ಟು ಅಂತ ದುಡ್ಡು ಕೊಡುತ್ತಾನೆ. ಚೀಲ ಕೆರೆಯಲ್ಲಿ ಸ್ವಲ್ಪ ಹೊತ್ತು ತೇಲುತ್ತದೆ, ಬಾಯಿ ಬಿಚ್ಚುತ್ತಾರೆ, ಮುಗಿಯಿತು. ಒಳಗೆ ಏನಿತ್ತು ಅಂತ ಯಾರೂ ನೋಡುವುದಿಲ್ಲ. ಒಂದು ಬಿಳಿ ಪ್ಲಾಸ್ಟಿಕ್ ಟಬ್ಬು ಇಟ್ಟು ಪ್ರತಿ ಲೋಡಿನಿಂದ ಒಂದೆರಡು ಮಗ್ಗು ಮರಿ ಅದಕ್ಕೆ ಸುರಿದು ನೋಡಿದರೆ ಸಾಕು. ಕಾಟ್ಲಾ ಮರಿಗೆ ತಲೆ ದೊಡ್ಡದು. ರೋಹು ಮರಿಯ ಬಾಲದ ಬುಡದಲ್ಲಿ ಕಪ್ಪು ಗುರುತು. ಜಿಲೇಬಿ ಮರಿಯ ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕರಿ ಚುಕ್ಕೆ. ಕ್ಯಾಟ್‌ಫಿಶ್ ಮರಿಗೆ ಮೈಮೇಲೆ ಹುರುಪೆ ಇರೋದಿಲ್ಲ, ಉದ್ದ ಮೀಸೆ ಇರುತ್ತವೆ, ಟಬ್ಬಿನ ತಳ ಹಿಡಿದು ಮೂಲೆಗೆ ಸೇರುತ್ತದೆ. ನಮ್ಮ ಸಂಘದ ಹುಡುಗರಿಗೆ ಅರ್ಧ ದಿನ ಕಲಿಸಿದರೆ ಬರುತ್ತದೆ. ಕೆರೆ ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಪಂಚಾಯತಿಯ ಒಬ್ಬರು, ಮೀನುಗಾರರ ಸಂಘದ ಒಬ್ಬರು ನೋಡದೆ ಚೀಲ ಬಿಚ್ಚುವಂತಿಲ್ಲ. ನಿಷೇಧಿತ ಮೀನು ಸಿಕ್ಕರೆ ಗುತ್ತಿಗೆ ರದ್ದು.

ಎರಡನೆಯದು ಕೋಡಿ. ಜಾಲರಿ ಹಾಕಿ ಅಂದರೆ ಇಂಜಿನಿಯರ್ ಸಾಹೇಬರು ಏನು ಹೇಳುತ್ತಾರೆ ಅಂತ ಗೊತ್ತು. ಕಸ ಕಟ್ಟಿಕೊಂಡು ನೀರು ಹಿಂದಕ್ಕೆ ಒತ್ತಿದರೆ ಏರಿ ಒಡೆಯುತ್ತದೆ ಅನ್ನುತ್ತಾರೆ. ಸರಿಯಾದ ಮಾತೇ. ಅದಕ್ಕೇ ಜಾಲರಿಯನ್ನು ದೊಡ್ಡ ಕೆರೆಯ ಕೋಡಿಗೆ ಕಟ್ಟುವುದಕ್ಕಿಂತ ಮೇಲಿನ ಸಾಕಣೆ ಹೊಂಡಗಳಿಗೆ ಕಡ್ಡಾಯ ಮಾಡಿ. ತಿಲಾಪಿಯಾ ಸಾಕಣೆಗೆ ಕೇಂದ್ರ 2009ರಲ್ಲಿ ಅನುಮತಿ ಕೊಟ್ಟಾಗ ನೋಂದಣಿ ಇರಬೇಕು, ನೀರು ಒಳಬರುವ ಹೊರಹೋಗುವ ಬಾಯಿಗೆ ಜಾಲರಿ ಇರಬೇಕು ಅಂತಲೇ ನಿಯಮ ಮಾಡಿದೆ. ಸುಮ್ನೆ ಹೊಸ ಕಾನೂನು ಬೇಡ, ಇರುವುದನ್ನು ಮೇ ತಿಂಗಳಲ್ಲಿ ಒಂದು ಸುತ್ತು ಹೋಗಿ ನೋಡಿ. ಮೊಟ್ಟೆ, ಸಣ್ಣ ಮರಿ ಜಾಲರಿಗೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲನೆಯದು ಆಗದೆ ಎರಡನೆಯದರಿಂದ ಪೂರ್ತಿ ಉಪಯೋಗ ಇಲ್ಲ.

ಕದ್ದು ಸಾಕಿದ ಹೊಂಡ ಸಿಕ್ಕಾಗ ಮಾಡುವ ತಪ್ಪು ಒಂದಿದೆ. ಹೊಂಡದ ನೀರನ್ನು ಹಳ್ಳಕ್ಕೆ ಬಿಟ್ಟು ಖಾಲಿ ಮಾಡುವುದು. ಅದು ಸಹಾಯ ಅಲ್ಲ, ಹಂಚಿಕೆ. ಮೊದಲು ಬಲೆ ಎಳೆದು ಹಿಡಿಯಬೇಕು. ಉಳಿದವಕ್ಕೆ ಹಿಪ್ಪೆ ಮರದ ಬೀಜದ ಹಿಂಡಿ ಇದೆ. ಹೆಕ್ಟೇರಿಗೆ 2000ದಿಂದ 2500 ಕಿಲೋ ಹಾಕಿದರೆ ಹೊಂಡದ ಮೀನೆಲ್ಲ ಸಾಯುತ್ತದೆ, ಕೆಲವು ವಾರಗಳಲ್ಲಿ ವಿಷ ಇಳಿದು ಹಿಂಡಿಯೇ ಗೊಬ್ಬರ ಆಗುತ್ತದೆ. ಮೀನು ಸಾಕುವವರಿಗೆಲ್ಲ ಗೊತ್ತಿರುವ ಪದ್ಧತಿ. ಮುಚ್ಚಿದ ಹೊಂಡಕ್ಕೆ ಮಾತ್ರ ಇದು. ಹೊಳೆಯ ಮಡುವಿಗೆ ಯಾರಾದರೂ ಹಾಕಿದರೆ ನಾಡ ಮೀನಿನ ವಂಶವೂ ಅಲ್ಲೇ ಮುಗಿಯುತ್ತದೆ.

ಹಾಗಾದರೆ ಹೊಳೆಯಲ್ಲಿ ಏನೂ ಮಾಡೋದೇ ಬೇಡವೇ? ಬೇಕು, ಆದರೆ ಹೊತ್ತು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ವರದಾ ಮಡುವುಗಳಾಗಿ ಒಡೆದಾಗ ಹೊರಗಿನ ಮೀನೂ ನಾಡ ಮೀನೂ ಒಂದೇ ಕಡೆ ಸಿಕ್ಕಿಬೀಳುತ್ತವೆ. ಆಗ ಬಲೆ ಎಳೆದು, ಆರಿಸಿ, ನಾಡ ಮೀನನ್ನು ವಾಪಸ್ ಬಿಟ್ಟು ಉಳಿದದ್ದನ್ನು ತೆಗೆದರೆ ಮುಂಗಾರಿನ ಹೊಸನೀರಿಗೆ ಹತ್ತುವ ಮೀನುಗಳಿಗೆ ಜಾಗ ಆಗುತ್ತದೆ. ಪಕ್ಕದ ಸೊರಬ, ಶಿಕಾರಿಪುರದ ಕಡೆ ಬೇಸಿಗೆಯಲ್ಲಿ ಕೆರೆಬೇಟೆ ಮಾಡುತ್ತಾರೆ. ಊರಿಗೆ ಊರೇ ಕೂಣಿ ಅನ್ನೋ ಬಿದಿರಿನ ಬುಟ್ಟಿ ಹಿಡಿದು ನೀರಿಗೆ ಇಳಿಯುತ್ತದೆ. ಅಂಥ ಹುಮ್ಮಸ್ಸನ್ನು ನಾವೂ ತರಬಹುದು, ಆದರೆ ಆರಿಸಿ ಬಿಡುವ ಶಿಸ್ತು ಜತೆಗಿರಬೇಕು.

ಒಂದು ಎಚ್ಚರಿಕೆ. ಕ್ಯಾಟ್‌ಫಿಶ್ ತಂದುಕೊಟ್ಟವರಿಗೆ ಕಿಲೋಗೆ ಇಷ್ಟು ಇನಾಮು ಅಂತ ಮಾತ್ರ ಘೋಷಿಸಬೇಡಿ. ನಮ್ಮ ಜನ ಬುದ್ಧಿವಂತರು. ಇನಾಮಿಗೋಸ್ಕರ ಹಿತ್ತಲಲ್ಲೇ ಹೊಂಡ ತೋಡಿ ಸಾಕಿ ತಂದು ಕೊಡುತ್ತಾರೆ. ಅದರ ಬದಲು ಸಂಘದ ಮೂಲಕ ದಿನಗೂಲಿ ಕೊಡಿ, ಹರಿದ ಬಲೆಗೆ ಪರಿಹಾರ ಕೊಡಿ. ಎಷ್ಟು ಹಿಡಿದರು ಅನ್ನೋದಕ್ಕಲ್ಲ, ಎಷ್ಟು ಮಡುವು ಆರಿಸಿದರು ಅನ್ನೋದಕ್ಕೆ ದುಡ್ಡು ಇರಲಿ.

ತೆಗೆದ ಜಾಗಕ್ಕೆ ಏನು ಬಿಡಬೇಕು? ಇಲ್ಲಿ ನನಗೆ ಬಹಳ ಆಸೆ ಇರುವ ಮಾತು ಒಂದಿದೆ: ಹರಗಿ ಮೀನು. ತುಂಗಾ, ಭದ್ರಾ, ತುಂಗಭದ್ರೆಯದೇ ಮೀನು. ನೀರಿನ ಸೊಪ್ಪು ತಿಂದು ಕಿಲೋಗಟ್ಟಲೆ ತೂಗುತ್ತಿತ್ತು. ಈಗ ತೀರಾ ಅಪಾಯದಲ್ಲಿರುವ ಮೀನುಗಳ ಪಟ್ಟಿಗೆ ಸೇರಿದೆ. ಸೊಪ್ಪು ತಿನ್ನಲಿ ಅಂತ ನಾವು ಚೀನಾದ ಹುಲ್ಲುಗೆಂಡೆಯನ್ನು ತಂದು ಕೆರೆಗೆ ಬಿಡುತ್ತೇವೆ, ಅದೇ ಕೆಲಸ ಮಾಡುವ ಮನೆಯ ಮೀನನ್ನು ಮರೆತಿದ್ದೇವೆ. ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿರುವ ಕೇಂದ್ರದ ಸಿಹಿನೀರು ಮೀನು ಸಂಶೋಧನಾ ಕೇಂದ್ರದವರು ಹರಗಿಯನ್ನು ಕೃತಕವಾಗಿ ಮರಿ ಮಾಡಿಸಿ ತೋರಿಸಿದ್ದಾರೆ. ದಾರಿ ಇದೆ ಅಂತಾಯಿತು. ಇಲಾಖೆ ಅವರ ಜತೆ ಮಾತಾಡಿ ನಮ್ಮ ಜಿಲ್ಲೆಯ ಒಂದೆರಡು ಕೆರೆಗಳಲ್ಲಿ ಹರಗಿ ಬೆಳೆಸಿ ನೋಡಲಿ. ನಾನು ಮಾರಿಕೊಡುತ್ತೇನೆ, ಆ ಜವಾಬ್ದಾರಿ ನನ್ನದು.

ಗಳಗನಾಥದ ಸಂಗಮ, ಅಂಬಿಗರ ಚೌಡಯ್ಯನವರ ಗದ್ದುಗೆ ಇರುವ ಚೌಡದಾನಪುರ, ಈ ಎರಡು ಕಡೆ ಹೊಳೆಯ ಒಂದಿಷ್ಟು ಭಾಗವನ್ನು ನಾಡ ಮೀನಿಗೆ ಮೀಸಲಿಡಿ. ತೀರ್ಥಹಳ್ಳಿ ಹತ್ತಿರ ತುಂಗೆಯಲ್ಲಿ ಚಿಪ್ಪಲಗುಡ್ಡೆ ಮತ್ಸ್ಯಧಾಮ ಇದೆ. ಶೃಂಗೇರಿಯಲ್ಲಿ ದೇವರ ಮೀನು ಅಂತ ಯಾರೂ ಮುಟ್ಟುವುದಿಲ್ಲ. ಅದೇ ನೀರು ಇಳಿದು ನಮ್ಮ ಹತ್ತಿರ ಬರುತ್ತದೆ. ಹೊಳೆ ಹಂಚಿಕೊಂಡವರಿಗೆ ಈ ಮರ್ಯಾದೆ ಹಂಚಿಕೊಳ್ಳೋದು ಕಷ್ಟವಾಗಬಾರದು. ಬಲೆ ಬೀಸುವವರನ್ನು ಓಡಿಸಿ ಮೀಸಲು ಮಾಡಬೇಡಿ, ಕಾಯುವ ಕೆಲಸವನ್ನು ಅವರಿಗೇ ಕೊಡಿ.

ಅಕ್ವೇರಿಯಂ ಇಟ್ಟುಕೊಂಡ ಹುಬ್ಬಳ್ಳಿ-ಧಾರವಾಡದವರಿಗೂ ಒಂದು ಮಾತು. ಗಾಜು ನೆಕ್ಕಲಿ ಅಂತ ತಂದ ಸಕ್ಕರ್ ಮೀನು ಒಂದಡಿ ದಾಟಿದಾಗ ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳಬೇಡಿ. ಆಂಧ್ರದಲ್ಲಿ ಕೃಷ್ಣಾ ನದಿಗೆ ಅದು ಸೇರಿ ಮೀನುಗಾರರ ಬಲೆ ಹರಿಯುತ್ತಿದೆ. ಮೈಯೆಲ್ಲ ಮುಳ್ಳಿನ ಕವಚ, ತಿನ್ನುವವರಿಲ್ಲ, ಕೊಳ್ಳುವವರಿಲ್ಲ. ತೆಗೆದುಕೊಂಡ ಅಂಗಡಿಗೇ ವಾಪಸ್ ಕೊಡಿ.

ಕಾನೂನಿನ ಬಲ ಇಲ್ಲ ಅನ್ನುವಂತಿಲ್ಲ. ರಾಜ್ಯದ ಒಳನಾಡು ಮೀನುಗಾರಿಕೆ ಕಾಯ್ದೆ 1996ರದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಆಕ್ರಮಣಕಾರಿ ಪರದೇಶಿ ಜೀವಿಗಳ ವ್ಯಾಪಾರ, ಸಾಕಣೆ ತಡೆಯುವ ಅಧಿಕಾರ ಕೇಂದ್ರಕ್ಕೆ ಬಂದಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ಆ ಪುಸ್ತಕದಲ್ಲಿ ಮೀನಿನ ಪುಟ ತೆರೆಸಿ ನೋಡಿ. ಖಾಲಿ ಇದ್ದರೆ ನಮ್ಮ ಹಿರಿಯರನ್ನು ಕೂರಿಸಿ ಬರೆಸಿ. ಯಾವ ಮಡುವಿನಲ್ಲಿ ಯಾವ ಮೀನಿತ್ತು ಅನ್ನೋದು ಅವರಿಗೆ ಇನ್ನೂ ಬಾಯಿಪಾಠ ಇದೆ.

ಮೇ ತಿಂಗಳ ಮೊದಲ ವಾರದೊಳಗೆ ಜಿಲ್ಲಾ ಪಂಚಾಯತಿಯವರು, ಮೂರೂ ಇಲಾಖೆಯವರು, ಕೆರೆ ಗುತ್ತಿಗೆದಾರರು, ಮೀನುಗಾರರ ಸಂಘದವರು ಒಂದೇ ಮೇಜಿನ ಸುತ್ತ ಕೂರುವ ಸಭೆ ಕರೆಯಿರಿ. ಹಾವೇರಿಯಲ್ಲಿ ಬೇಡ, ಗಳಗನಾಥದಲ್ಲಿ ಕರೆಯಿರಿ. ಬಿಳಿ ಟಬ್ಬು ನಾವು ತರುತ್ತೇವೆ. ಮೀನುಮರಿ ಲೋಡು ಯಾವ ಕೆರೆಗೆ, ಯಾವ ದಿನ ಬರುತ್ತದೆ ಅನ್ನೋ ಪಟ್ಟಿಯನ್ನು ನೀವು ತನ್ನಿ.

ಇಂತಿ,
ವರದಾ ದಂಡೆಯ ಮೀನು ವ್ಯಾಪಾರಿ
ಹಾವೇರಿ ತಾಲ್ಲೂಕು